ಇಬ್ಬರು ಹಿರಿಸೊಸೆಯರ ಕಣ್ಣು

ನಮ್ಮ ಮನೆಯಲ್ಲಿ ಇಬ್ಬರು ಅಜ್ಜಿಯರು. ಇಬ್ಬರ ಜನ್ಮದಿನವೂ ಜೂನ್ ಒಂದು, ಇಸವಿಯೂ ಒಂದೇ. ಹಾಗೆಂದು ಅವರು ಅವಳಿಗಳಲ್ಲ, ಅಕ್ಕತಂಗಿಯರೂ ಅಲ್ಲ. ಒಬ್ಬಳು ತೇರದಾಳದವಳು, ಇನ್ನೊಬ್ಬಳು ಅಥಣಿ ಕಡೆಯವಳು. ರೇಷನ್ ಕಾರ್ಡಿಗೆ ಹೆಸರು ಬರೆಸುವ ದಿನ ಹುಟ್ಟಿದ ತಾರೀಕು ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡರಂತೆ. ಬರೆಯುತ್ತಿದ್ದ ಮಾಸ್ತರರು ಶಾಲೆಗೆ ಸೇರುವ ಮಕ್ಕಳಿಗೆಲ್ಲ ಬರೆದು ರೂಢಿಯಾಗಿದ್ದ ತಾರೀಕನ್ನೇ ಇವರಿಗೂ ಬರೆದು ಕೈ ತೊಳೆದುಕೊಂಡರು. ಒಬ್ಬರಿಗೆ ಮೇ, ಒಬ್ಬರಿಗೆ ಜೂನ್ ಎಂದು ಬರೆದಿದ್ದರೆ ಬನಹಟ್ಟಿಯ ನಮ್ಮ ಓಣಿಗೆ ಅಷ್ಟು ವರ್ಷ ನೆಮ್ಮದಿ ಇರುತ್ತಿತ್ತು.

ಜಗಳದ ಮೂಲ ಹೇಳಿಬಿಡುತ್ತೇನೆ. ನಮ್ಮದು ನೇಕಾರರ ಮನೆ. ನನ್ನ ಅಜ್ಜ ಸಿದ್ಧಪ್ಪ ಮತ್ತು ಅವನ ತಮ್ಮ ಸಂಗಪ್ಪ ಅವಳಿಗಳು. ತಮ್ಮ ಎಂದೆನಲ್ಲ, ಅದೂ ಇತ್ಯರ್ಥವಾಗಿರಲಿಲ್ಲ. ಮೊದಲು ಹೊರಗೆ ಬಂದವನೇ ಅಣ್ಣ ಎಂದು ಮನೆಯ ಅರ್ಧ ಜನ. ಹೊಟ್ಟೆಯೊಳಗೆ ಮೊದಲು ಹೋದವನೇ ಕೊನೆಗೆ ಬರುತ್ತಾನೆ, ಹಾಗಾಗಿ ಆಮೇಲೆ ಬಂದವನೇ ಅಣ್ಣ ಎಂದು ಇನ್ನರ್ಧ ಜನ. ಇಬ್ಬರಿಗೂ ಒಂದೇ ಚಪ್ಪರದಲ್ಲಿ ಮದುವೆಯಾಯಿತು. ದಾನವ್ವ ಸಿದ್ಧಪ್ಪನಿಗೆ, ಕಾಶವ್ವ ಸಂಗಪ್ಪನಿಗೆ. ಈಗ ಹಿರಿಸೊಸೆ ಯಾರು? ನಮ್ಮ ಮನೆಯಲ್ಲಿ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಏರಿಸಿದಾಗ ಅದರೊಳಗೆ ಮೊದಲ ಲಾಳಿ ಒಗೆಯುವ, ಅಂದರೆ ಎಸೆಯುವ, ಹಕ್ಕು ಹಿರಿಸೊಸೆಯದು.

ಅತ್ತೆ ಭಾಗೀರಥಿ ನ್ಯಾಯ ಹೇಳಿದಳು. "ಗಂಡಂದಿರ ಮಾತು ಬ್ಯಾಡ. ನಿಮ್ಮಿಬ್ಬರಾಗ ಯಾರು ದೊಡ್ಡಾಕಿ ಅದಾಳ, ಅಕಿ ಲಾಳಿ ಒಗೀಲಿ."

ದಾನವ್ವ ತನಗೆ ಹದಿನೈದು ಎಂದಳು. ಕಾಶವ್ವ ತನಗೆ ಹದಿನಾರು ಎಂದಳು. ಅತ್ತೆ ಇಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದಳು. ದಾನವ್ವ ಜೋಳದ ದಂಟಿನಷ್ಟು ಎತ್ತರ, ಕಾಶವ್ವ ಅವಳ ಮೊಣಕೈಗೆ ಬರುತ್ತಿದ್ದಳು. ಆಳು ಗಿಡ್ಡ, ಬಾಯಿ ಉದ್ದ ಎಂದುಕೊಂಡು ಅತ್ತೆ ಲಾಳಿಯನ್ನು ದಾನವ್ವನ ಕೈಗೆ ಕೊಟ್ಟಳು. ಮೂರನೆಯ ದಿನ ಯಾರೂ ಇಲ್ಲದಾಗ ಕಾಶವ್ವ ಮಗ್ಗದಲ್ಲಿ ಕೂತು ಲಾಳಿ ಒಗೆದು ನಲವತ್ತು ಎಳೆ ಹರಿದಳು. ಹೊಟ್ಟೆಕಿಚ್ಚಿಗೆ ಮಾಡಿದ್ದಾಳೆ ಎಂದು ದಾನವ್ವ ಅವಳ ಕೆನ್ನೆಗೆ ಕೊಟ್ಟಳು. ಇನ್ನು ಇವಳು ಮಗ್ಗ ಮುಟ್ಟಕೂಡದು ಎಂದು ಅತ್ತೆ ಅವಳನ್ನು ಬಣ್ಣದ ನೂಲು ಒಣಗಿಸುವ ಕೆಲಸಕ್ಕೆ ಮಾಳಿಗೆಯ ಮೇಲೆ ಕಳಿಸಿದಳು. ಅಂದು ಬಿಸಿಲಿಗೆ ಹೋದ ಕಾಶವ್ವ ಮಗ್ಗದ ಕಡೆಗೆ ಇಳಿದು ಬರಲೇ ಇಲ್ಲ.

ಮದುವೆಯಾಗಿ ಅರವತ್ತೇಳು ವರ್ಷವಾದರೂ ಒಬ್ಬಳು ಇನ್ನೊಬ್ಬಳನ್ನು 'ಅಕ್ಕ' ಎಂದು ಕರೆದಿರಲಿಲ್ಲ. ದಾನಿ, ಕಾಶಿ, ಅಷ್ಟೇ. ಗಂಡಂದಿರು ತೀರಿಕೊಂಡರು, ಅತ್ತೆ ತೀರಿಕೊಂಡಳು, ಜಗಳ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ಅದರಲ್ಲಿ ಒಂದು ಭಾಗವಂತೂ ನನಗೆ ಬಾಯಿಪಾಠ.

"ಬಂದ ವರ್ಷಾನ ಬಾಯಾಗಿನ ಹಲ್ಲು ಉದುರಿಸಿಕೊಂಡಾಕಿ ನೀ. ಹರೇದಾಗ ಮುದುಕಿ," ಎಂದು ದಾನವ್ವ ಹಂಗಿಸುವಳು.

"ಮತ್ತ ನೀನ ಒಪ್ಪಿದಂಗಾತಲ್ಲ. ನನ್ನ ಹಲ್ಲು ಮೊದಲ ಬಿದ್ದಾವ, ನಾನ ದೊಡ್ಡಾಕಿ," ಎಂದು ಕಾಶವ್ವ ತಿರುಗಿಸಿ ಕೊಡುವಳು.

ಹೀಗಾಗಿ ನನಗೆ ಯಾರನ್ನು ದೊಡ್ಡಾಯಿ ಎನ್ನಬೇಕು, ಯಾರನ್ನು ಸಣ್ಣಾಯಿ ಎನ್ನಬೇಕು ಎಂಬುದೇ ತಿಳಿಯದೆ ಇಬ್ಬರನ್ನೂ ಬರೀ ಆಯಿ ಎಂದು ಕರೆದು ಪಾರಾಗುತ್ತಿದ್ದೆ. ಅವರು ನನ್ನನ್ನು ಕರೆಯುವುದು ಮಾತ್ರ ಇನ್ನೂ ಚಂದ. ನನಗಿಟ್ಟಿದ್ದು ಮುತ್ತಜ್ಜಿಯ ಹೆಸರು, ಭಾಗೀರಥಿ. ಅತ್ತೆಯ ಹೆಸರನ್ನು ಸೊಸೆಯರು ಬಾಯಲ್ಲಿ ಆಡುವಂತಿಲ್ಲ. ಆದ್ದರಿಂದ ಜೋಳಿಗೆ ತೊಟ್ಟಿಲಲ್ಲಿ ಉಚ್ಚೆ ಹೊಯ್ದುಕೊಂಡು ಮಲಗಿದ್ದ ನನ್ನನ್ನು ಅವರಿಬ್ಬರೂ ಆಗಿನಿಂದಲೇ 'ಅತ್ತಿ' ಎನ್ನುತ್ತಿದ್ದರು.

ಈ ಅತ್ತಿ ಬೆಳೆದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕಣ್ಣಿನ ಮಸೂರದ ಕೆಲಸಕ್ಕೆ ಸೇರಿದಳು. ಮಸೂರವೆಂದರೆ ಕಣ್ಣಿನ ಪಾಪೆಯ ಹಿಂದೆ ಇರುವ, ಬೇಳೆಕಾಳಿನ ಆಕಾರದ ತಿಳಿ ಗಾಜಿನಂಥ ವಸ್ತು. ಅದು ಈರುಳ್ಳಿಯ ಹಾಗೆ ಪದರ ಪದರವಾಗಿ ಬೆಳೆಯುತ್ತದೆ, ಆದರೆ ಯಾವ ಪದರವೂ ಉದುರುವುದಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಆದ ತಿರುಳು ಸಾಯುವತನಕ ಅದರ ನಡುವೆ ಹಾಗೇ ಕೂತಿರುತ್ತದೆ. ವರ್ಷಗಳು ಕಳೆದಂತೆ ಅದರ ಪ್ರೋಟೀನು ಹಳದಿಯಾಗುತ್ತದೆ, ಒಂದಕ್ಕೊಂದು ಅಂಟಿಕೊಂಡು ಮಬ್ಬಾಗುತ್ತದೆ. ಅದನ್ನೇ ನಾವು ಪೊರೆ ಎನ್ನುವುದು. ಆ ಹಳದಿಗೆ ಒಂದು ಸೋಜಿಗದ ಗುಣವಿದೆ. ನೀಲಿ ಬೆಳಕು ಬಿಟ್ಟರೆ ಅದನ್ನು ನುಂಗಿ ಹಸಿರು ಬೆಳಕನ್ನು ಹೊರಗೆ ಬಿಡುತ್ತದೆ. ಪುಸ್ತಕದಲ್ಲಿ ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ, ನಾವು ಮಿನುಗು ಎನ್ನುತ್ತಿದ್ದೆವು. ಕೂಸಿನ ಮಸೂರ ಮಿನುಗುವುದಿಲ್ಲವೆಂದೇ ಹೇಳಬೇಕು, ಎಂಬತ್ತರ ಮಸೂರ ಹಬ್ಬದ ಮನೆಯಂತಿರುತ್ತದೆ. ಈ ಮಿನುಗನ್ನು ಅಳೆದು ವಯಸ್ಸನ್ನು ಆರು ತಿಂಗಳ ಅಂತರದೊಳಗೆ ಹೇಳುವ ಯಂತ್ರವೊಂದನ್ನು ನಾವು ಮಾಡಿದ್ದೆವು.

ಅದು ಬಂದ ಹೊಸತರಲ್ಲಿ ಊರೆಲ್ಲ ಗದ್ದಲ. ಹದಿನಾರು ವರ್ಷದೊಳಗಿನವರ ಕಬಡ್ಡಿ ತಂಡದಿಂದ ಮೂವರು ಮೀಸೆಯವರು ಸದ್ದಿಲ್ಲದೆ ಮಾಯವಾದರು. ನಿವೃತ್ತಿಯ ಸನ್ಮಾನಕ್ಕೆ ಹಾರ ತರಿಸಿಟ್ಟಿದ್ದ ಒಬ್ಬ ಗುಮಾಸ್ತರು ತಮಗೆ ನಿಜವಾಗಿ ಐವತ್ತೈದೇ ಎಂದು ತಿಳಿದು, ಇನ್ನೂ ಐದು ವರ್ಷ ಫೈಲು ನೋಡಬೇಕಲ್ಲ ಎಂದು ಹಾರ ಹಿಡಿದುಕೊಂಡೇ ಕೂತರು. ಜೂನ್ ಒಂದಕ್ಕೆ ಹುಟ್ಟಿದ್ದ ಅರ್ಧ ಜಿಲ್ಲೆಗೆ ಹೊಸ ಜನ್ಮದಿನ ಸಿಕ್ಕಿತು. ಬೇಕರಿಯವರಂತೂ ನಮ್ಮ ಪ್ರಯೋಗಾಲಯಕ್ಕೆ ಕೇಕು ಕಳಿಸಿದರು.

ನಮ್ಮ ಮನೆಯ ಕಥೆ ಮಾತ್ರ ಬೇರೆ. ಇಬ್ಬರು ಅಜ್ಜಿಯರ ಕಣ್ಣಿಗೂ ಪೊರೆ ದಪ್ಪವಾಗಿ ಬೆಳೆದಿತ್ತು. ಶಸ್ತ್ರಚಿಕಿತ್ಸೆ ಎಂದರೆ ಇಬ್ಬರೂ ಸೆರಗು ಕೊಡವಿ ಏಳುತ್ತಿದ್ದರು. ಮೊದಲು ದಾನಿ ಮಾಡಿಸಿಕೊಳ್ಳಲಿ ಎಂದು ಕಾಶವ್ವ, ಮೊದಲು ಕಾಶಿ ಎಂದು ದಾನವ್ವ. ಹಿರಿತನದ ಹಕ್ಕು ಬಿಟ್ಟುಕೊಡುವುದಕ್ಕೆ ಇಬ್ಬರೂ ತಯಾರಿದ್ದದ್ದು ಇದೊಂದರಲ್ಲೇ. ಆ ವರ್ಷ ದಾನವ್ವ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೊಳಗೆ ಬಿದ್ದು ಕಾಲು ಉಳುಕಿಸಿಕೊಂಡಳು. ಕಾಶವ್ವ ಮಾಳಿಗೆಯ ಕೊನೆಯ ಮೆಟ್ಟಿಲು ಕಾಣದೆ ಮೊಣಕಾಲು ಒಡೆದುಕೊಂಡಳು. ಇನ್ನೊಂದು ವರ್ಷ ಬಿಟ್ಟರೆ ಇಬ್ಬರಿಗೂ ಬೆಳಕೇ ಹೋಗುವುದು ನನಗೆ ಗೊತ್ತಿತ್ತು. ಕಣ್ಣಿನದೇ ಕೆಲಸ ಮಾಡುವವಳ ಮನೆಯಲ್ಲಿ ಇಬ್ಬರು ಕುರುಡರು ಎಂದು ನೆನೆದರೆ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಮದುವೆಯ ಸೀರೆ ಮನೆಯ ಮಗ್ಗದಲ್ಲೇ ಆಗಬೇಕೆಂದು ಅಪ್ಪ ಮಗ್ಗಕ್ಕೆ ನೀಲಿ ಹಾಸು ಏರಿಸಿದ. ಹಾಸು ಏರಿ ತಿಂಗಳಾದರೂ ಮೊದಲ ಲಾಳಿ ಬೀಳಲಿಲ್ಲ.

"ಈ ಸಲ ನಾನ ಒಗ್ಯಾಕಿ. ಇಲ್ಲಂದ್ರ ಅತ್ತಿ ಮದುವಿಗೆ ನಾ ಬರೂದಿಲ್ಲ," ಎಂದು ಕಾಶವ್ವ ಮಾಳಿಗೆ ಹತ್ತಿ ಕೂತಳು.

"ಬರದಿದ್ರ ಬಿಡು. ಹಸರು ಹಾಸಿನ ಮ್ಯಾಲ ಅಕಿ ಕೈ ಬ್ಯಾಡ," ಎಂದಳು ದಾನವ್ವ. ಹಾಸು ಹಸಿರಲ್ಲ, ನೀಲಿ. ಹಳದಿ ಮಸೂರದ ಒಳಗಿಂದ ನೋಡುವವರಿಗೆ ನೀಲಿ ಹೀಗೇ ಕೆಟ್ಟು ಕಾಣುತ್ತದೆ.

ನಾನು ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಬನಹಟ್ಟಿಗೆ ಬಂದೆ. "ನೋಡ್ರಿ, ಜಗಳ ಇವತ್ತಿಗೆ ಮುಗೀತು," ಎಂದು ಇಬ್ಬರನ್ನೂ ಮಗ್ಗದ ಕೋಣೆಯಲ್ಲಿ ಕೂರಿಸಿ ಕಣ್ಣಿಗೆ ನೀಲಿ ಬೆಳಕು ಬಿಟ್ಟೆ. ದಾನವ್ವನದು ಎಪ್ಪತ್ತೊಂಬತ್ತು ಬಂತು. ಕಾಶವ್ವನದು ಎಂಬತ್ತನಾಲ್ಕು.

ಕಾಶವ್ವ ಕುಣಿಯುವುದೊಂದು ಬಾಕಿ. ದಾನವ್ವ ಮಾತ್ರ ತಲೆಯೆತ್ತಿ ನನ್ನನ್ನು ಕೇಳಿದಳು.

"ಅತ್ತಿ, ಒಂದ ದಿನ ಲಟ್ಟಿಸಿದ ಹಪ್ಪಳ. ಅರ್ಧ ಮಾಳಿಗಿ ಮ್ಯಾಲ ಹಾಕಿದೆ, ಅರ್ಧ ಅಡಗಿಮನ್ಯಾಗ ಹಾಕಿದೆ. ಮಾಳಿಗಿ ಮ್ಯಾಲಿಂದು ಮೊದಲ ಒಣಗತೈತಿ. ಹಂಗಂತ ಅದನ್ನ ಮೊದಲ ಲಟ್ಟಿಸಿದ್ದೇನು?"

ಓದಿ ಮರುಳಾದ ಕೂಚಂಭಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ? ಮಿನುಗಿನಲ್ಲಿ ಎರಡು ಬಣ್ಣ ಬೆರೆತಿರುತ್ತವೆ, ಒಂದು ಕಾಲ ಕೊಟ್ಟಿದ್ದು, ಒಂದು ಬಿಸಿಲು ಕೊಟ್ಟಿದ್ದು. ತಿಳಿಗಣ್ಣಿನಲ್ಲಿ ನಮ್ಮ ಯಂತ್ರ ಎರಡನ್ನೂ ಬೇರ್ಪಡಿಸುತ್ತದೆ. ಪೊರೆ ದಪ್ಪವಾದ ಕಣ್ಣಿನಲ್ಲಿ ಬೆಳಕು ಚೆದುರಿ ಅದು ಆಗದು. ಒಬ್ಬಳು ಆಯುಷ್ಯವಿಡೀ ಮಾಳಿಗೆಯ ಬಿಸಿಲಲ್ಲಿ, ಇನ್ನೊಬ್ಬಳು ಮಗ್ಗದ ಕತ್ತಲಲ್ಲಿ. ಇದನ್ನು ನಾಲ್ಕು ವರ್ಷ ಓದಿದ ನಾನು ಉತ್ಸಾಹದಲ್ಲಿ ಮರೆತಿದ್ದೆ, ಅಕ್ಷರ ಕಲಿಯದ ದಾನವ್ವ ಹಪ್ಪಳದಲ್ಲಿ ಹಿಡಿದಳು.

"ಖರೆ ವಯಸ್ಸು ತಿಳೀಬೇಕಂದ್ರ," ಎಂದೆ ನಾನು ಮೆಲ್ಲಗೆ, "ಮಸೂರ ಹೊರಗ ತಗದು, ಕೊಯ್ದು, ನಡುವಿನ ತಿರುಳು ನೋಡಬೇಕಾಗತೈತಿ. ಕಣ್ಣಾಗ ಇರೂತನಕ ಯಾವ ದೇವರ ಬಂದ್ರೂ ಹೇಳಾಕ ಆಗೂದಿಲ್ಲ."

"ತಗಸು," ಎಂದಳು ದಾನವ್ವ.

"ನಂದ ಮೊದಲ ತಗಸು," ಎಂದಳು ಕಾಶವ್ವ.

ಹತ್ತು ವರ್ಷ ಡಾಕ್ಟರರು, ಮಕ್ಕಳು, ಮೊಮ್ಮಕ್ಕಳು ಕೈ ಮುಗಿದು ಕೇಳಿದರೂ ಆಗದ್ದು ಒಂದು ನಿಮಿಷದಲ್ಲಿ ಆಯಿತು. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ದಿನ, ಒಂದೊಂದು ಕಣ್ಣಿಗೆ ಆಯಿತು. ಎಳೆಯ ಪೊರೆಯಾದರೆ ಮಸೂರವನ್ನು ಒಳಗೇ ಪುಡಿ ಮಾಡಿ ಹೀರಿಬಿಡುತ್ತಾರೆ. ಇವರದು ಕಲ್ಲಾಗಿದ್ದರಿಂದ ತಿರುಳನ್ನು ಇಡಿಯಾಗಿಯೇ ತೆಗೆಯಬೇಕಿತ್ತು. ಅದರ ಜಾಗಕ್ಕೆ ಹೊಸ ಮಸೂರ ಕೂರಿಸಿ, ಬೆಲ್ಲದ ಚೂರಿನಂತಿದ್ದ ಎರಡು ಹಳೆಯ ತಿರುಳುಗಳನ್ನು ಎರಡು ಶೀಶೆಯಲ್ಲಿ ನನ್ನ ಕೈಗೆ ಕೊಟ್ಟರು. ಮರುದಿನ ಅಕ್ಕಪಕ್ಕದ ಮಂಚದಲ್ಲಿದ್ದವರ ಪಟ್ಟಿ ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಇಬ್ಬರೂ ಮೊದಲು ನೋಡಿದ್ದು ಒಬ್ಬರನ್ನೊಬ್ಬರು.

"ಕಾಶಿ, ಎಷ್ಟ ಮುದುಕಿ ಆಗೀಯಲ್ಲ," ಎಂದಳು ದಾನವ್ವ, ನಿಜಕ್ಕೂ ಬೆರಗಾಗಿ.

"ನೀ ಒಂದೀಟು ಕನ್ನಡಿ ನೋಡಿಕೊ," ಎಂದಳು ಕಾಶವ್ವ. ಆಮೇಲೆ ಕಿಟಕಿಯತ್ತ ತಿರುಗಿದಳು. "ಆಕಾಶಕ್ಕ ಯಾರರ ಹೊಸಾ ಬಣ್ಣ ಹಾಕ್ಯಾರೇನು ಅತ್ತಿ? ನಾ ಬಿಟ್ಟು ಬಂದಾಗ ಹಿಂಗಿರಲಿಲ್ಲ," ಎಂದಳು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ, ನರ್ಸಮ್ಮನನ್ನೇ ತಬ್ಬಿಕೊಂಡುಬಿಟ್ಟೆ.

ಧಾರವಾಡಕ್ಕೆ ಬಂದು, ನಮ್ಮ ಮುಖ್ಯಸ್ಥೆ ಡಾಕ್ಟರ್ ನಾಜನೀನ್ ಮುಲ್ಲಾ ಅವರ ಜೊತೆ ಕೂತು ಎರಡೂ ತಿರುಳುಗಳನ್ನು ಕೊಯ್ದೆ. ಕೋಣೆಯ ದೀಪ ಆರಿಸಿ ನೀಲಿ ಬೆಳಕು ಬಿಟ್ಟೆವು. ಗಾಜಿನ ಮೇಲೆ ಹಸಿರು ಉಂಗುರಗಳು ಒಂದರೊಳಗೊಂದು ಎದ್ದವು. ಬಿಸಿಲಿನ ಬಣ್ಣವನ್ನು ಕಳೆದು ಕಾಲದ ಬಣ್ಣವನ್ನು ಮಾತ್ರ ಉಳಿಸಿಕೊಂಡೆವು. ದಾನವ್ವನ ತಿರುಳು ಎಂಬತ್ತೆರಡು ಎಂದಿತು. ಮದುವೆಯಲ್ಲಿ ತನಗೆ ಹದಿನೈದು ಎಂದು ಅವಳು ಹೇಳಿದ್ದು ಸರಿಯೇ. ಕಾಶವ್ವನದು ಎಪ್ಪತ್ತಾರು.

ಯಂತ್ರ ತಪ್ಪಿದೆ ಎಂದುಕೊಂಡು ಮೂರು ಸಲ ಅಳೆದೆ. ಮೂರು ಸಲವೂ ಎಪ್ಪತ್ತಾರು. ಕಾಗದದ ಮೇಲೆ ಅದರಿಂದ ಮದುವೆಯ ಅರವತ್ತೇಳು ವರ್ಷ ಕಳೆದೆ. ಉಳಿದದ್ದು ಒಂಬತ್ತು.

ಆ ಅಂಕಿಯನ್ನು ನೋಡುತ್ತ ನನಗೆ ತಟ್ಟನೆ ಜಗಳದ ಮಾತು ನೆನಪಾಯಿತು. ಬಂದ ವರ್ಷವೇ ಹಲ್ಲು ಉದುರಿಸಿಕೊಂಡವಳು. ಮುದಿತನದ ಗುರುತೆಂದು ಇಬ್ಬರೂ ಒಪ್ಪಿದ್ದ ಹಲ್ಲು ಹಾಲುಹಲ್ಲಾಗಿತ್ತು. ಮನೆಯಲ್ಲಿ ಅಷ್ಟು ಜನರಿದ್ದರೂ ಒಬ್ಬರಿಗೂ ಹೊಳೆದಿರಲಿಲ್ಲ.

"ಹೆಂಗ ಹೇಳ್ಲಿ ಮೇಡಂ?" ಎಂದೆ. "ಹಿರಿಸೊಸಿ ಅಂತ ಇಷ್ಟ ದಿನ ಬಡದಾಡ್ಯಾಳ. ಬ್ಯಾರೆ ಅಂಕಿ ಬರದ ಕೊಡ್ಲ್ಯಾ?"

ಮುಲ್ಲಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಅಕಿ ವಯಸ್ಸು ಇಲ್ಲೀತನಕ ಬ್ಯಾರೇದವರ ಬರದಾರ, ಭಾಗೀರಥಿ. ಒಂದ ಸಲ ಅಕೀದ ಅಕೀಗೆ ಕೊಡು," ಎಂದರು.

ಬನಹಟ್ಟಿಗೆ ಹೋದಾಗ ಬೆಳಗಿನ ಹತ್ತು ಗಂಟೆ. ಇಬ್ಬರೂ ಕಪ್ಪು ಕನ್ನಡಕ ಹಾಕಿಕೊಂಡು ಮಗ್ಗದ ಆಚೆ ಒಬ್ಬರು ಈಚೆ ಒಬ್ಬರು ಕೂತಿದ್ದರು. ಲಾಳಿ ನಡುವೆ ಹಲಗೆಯ ಮೇಲಿತ್ತು.

"ದಾನವ್ವಾಯಿ, ನಿನಗ ಎಂಬತ್ತೆರಡು," ಎಂದೆ. "ಕಾಶವ್ವಾಯಿ, ನಿನಗ ಎಪ್ಪತ್ತಾರು."

ದಾನವ್ವ ಕೈ ತಟ್ಟಿ ನಕ್ಕಳು. "ಕೇಳಿದಿ ಏನ ಕಾಶಿ? ಆರು ವರ್ಷ ಸಣ್ಣಾಕಿ ಅದಿ. ಆರು ವರ್ಷ." ಎಳೆ ಎಣಿಸಿ ಪಳಗಿದ ಅವಳ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ತಾನೇ ತಾನಾಗಿ ಓಡತೊಡಗಿತು. ಓಡುತ್ತ ಓಡುತ್ತ ನಿಂತಿತು. ಅವಳ ನಗುವೂ ನಿಂತಿತು.

"ಅತ್ತಿ, ಹಂಗಾರ ಮದುವ್ಯಾಗ ಇದಕ್ಕ..."

"ಒಂಬತ್ತು," ಎಂದೆ.

ಕಾಶವ್ವ ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸೋತವಳ ಹಾಗೆ ಕಾಣಲಿಲ್ಲ. ಕಳೆದು ಹೋದ ಏನನ್ನೋ ಹುಡುಕುವವಳ ಹಾಗೆ ಕಂಡಳು. "ಮಾಮ ಹೇಳಿದ್ದ," ಎಂದಳು. "ಅವ್ವ ಅಪ್ಪ ಇರಲಿಲ್ಲಲ್ಲ ನನಗ. ಯಾರ ಕೇಳಿದ್ರೂ ಹದಿನಾರು ಅನ್ನು, ಇಲ್ಲಂದ್ರ ತಿರುಗಿ ಕಳಸ್ತಾರ, ತಿರುಗಿ ಬಂದ್ರ ನನ್ನ ಮನ್ಯಾಗ ಜಾಗಾ ಇಲ್ಲ ಅಂದಿದ್ದ. ಅದಕ್ಕ ಹದಿನಾರು ಅಂದೆ. ಅಂದು ಅಂದು ಅದ ಖರೆ ಅನಸ್ತು."

"ಆ ಹಲ್ಲು," ಎಂದಳು ದಾನವ್ವ. "ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲ ಒಗದಿದ್ದಿಯಲ್ಲ ನೀ, ಸಣ್ಣ ಹುಡುಗರಂಗ."

"ಹೂಂ. ಮುಂದ ಬ್ಯಾರೆ ಹಲ್ಲು ಬಂತು. ಗಂಡನ ಮನಿ ರೊಟ್ಟಿ ಗುಣ ಅಂತ ತಿಳಕೊಂಡಿದ್ದೆ."

"ಮತ್ತ ಲಾಳಿ ಯಾಕ ಮುಟ್ಟಿದ್ದಿ ಆವತ್ತು?"

ಕಾಶವ್ವ ತಡೆದು ತಡೆದು ಹೇಳಿದಳು. "ಅದು ಇಲಿ ಓಡಿದಂಗ ಓಡ್ತಿತ್ತು. ಅದರ ಕೂಡ ಆಡಬೇಕು ಅನಸಿತ್ತು. ಹೊಟ್ಟಿಕಿಚ್ಚು ಅಂದ್ರೇನಂತ ನನಗ ಆಗ ಗೊತ್ತಿರಲಿಲ್ಲ."

ದಾನವ್ವ ಅಳತೊಡಗಿದಳು. ಗಂಡ ಸತ್ತಾಗಲೂ ಸೆರಗು ಬಾಯಿಗಿಟ್ಟುಕೊಂಡು ಗಟ್ಟಿಯಾಗಿ ಕೂತವಳು, ಎಲ್ಲರೆದುರು ಗೊಳೋ ಎಂದು ಅತ್ತಳು. ನನಗೂ ತಡೆಯಲಾಗಲಿಲ್ಲ. ಆದರೂ ಕಲಿತ ವಿದ್ಯೆ ಬಿಡಬೇಕಲ್ಲ, "ಆಯಿ, ಕಣ್ಣಿಗೆ ನೀರು ತಗೀಬ್ಯಾಡ ಅಂದಾರ ಡಾಕ್ಟರು," ಎಂದೆ.

"ಇದು ಹಳೇ ನೀರು ಅಂತ ಹೇಳು ನಿನ್ನ ಡಾಕ್ಟರಿಗೆ," ಎಂದು ಅವಳು ಎದ್ದಳು. ಉಳುಕಿದ ಕಾಲೆಳೆಯುತ್ತ ಮಗ್ಗವನ್ನು ಬಳಸಿ ಬಂದು ಕಾಶವ್ವನ ತೋಳು ಹಿಡಿದು ಎಬ್ಬಿಸಿದಳು. "ಕೂಡು ಇಲ್ಲಿ," ಎಂದು ಕುಣಿಯ ಅಂಚಿನಲ್ಲಿ ಕೂರಿಸಿ ಲಾಳಿಯನ್ನು ಅವಳ ಕೈಗಿಟ್ಟಳು.

"ನೀ ದೊಡ್ಡಾಕಿ. ಹಕ್ಕು ನಿಂದು," ಎಂದಳು ಕಾಶವ್ವ.

"ಹೌದು, ದೊಡ್ಡಾಕಿ ಅದೀನಿ. ದೊಡ್ಡಾಕಿ ಹೇಳಾಕತ್ತೀನಿ, ಕೇಳಬೇಕು. ಆಡು, ಕೂಸ."

ಕಾಶವ್ವ ನನ್ನತ್ತ ನೋಡಿದಳು. ಅತ್ತೆಯ ಅಪ್ಪಣೆ ಇನ್ನೂ ಹಾಗೇ ಇತ್ತು, ಇವಳು ಮಗ್ಗ ಮುಟ್ಟಕೂಡದು ಎಂದು. ಅದನ್ನು ತೆಗೆಯಬೇಕಾದರೆ ಆ ಹೆಸರಿನವಳೇ ತೆಗೆಯಬೇಕು. ನಾನು ಗಂಟಲು ಸರಿಮಾಡಿಕೊಂಡು, "ಅತ್ತಿ ಹೂಂ ಅಂದಾಳ. ಒಗಿ," ಎಂದೆ.

ಲಾಳಿ ನೀಲಿ ಹಾಸಿನೊಳಗೆ ಓಡಿತು. ಅಡ್ಡಾದಿಡ್ಡಿಯಾಗಿ ಓಡಿ ನಾಲ್ಕು ಎಳೆ ಹರಿಯಿತು. ಕಾಶವ್ವ ಬೆಚ್ಚಿ ತಟ್ಟನೆ ಕೈ ಕೆನ್ನೆಗೆ ಒಯ್ದಳು. ದಾನವ್ವ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಬಗ್ಗಿ, ಹೊಸ ಕಣ್ಣಿನಲ್ಲಿ ಹರಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕಿದಳು.

"ಹರಿದ್ರ ಹರೀಲಿ. ಕಟ್ಟಾಕ ನಾ ಅದೀನಲ್ಲ," ಎಂದಳು.

"ಯಕ್ಕಾ," ಎಂದಳು ಕಾಶವ್ವ. ಆ ಮನೆಯ ಗೋಡೆಗಳು ಆ ಶಬ್ದವನ್ನು ಅವಳ ಬಾಯಿಂದ ಕೇಳಿದ್ದು ಅದೇ ಮೊದಲು. "ಇನ್ನೊಂದ ಸಲ ಒಗೀಲ್ಯಾ?"

ಮಧ್ಯಾಹ್ನದ ಊಟಕ್ಕೆ ಕರೆಯುವತನಕ ಅವಳು ಒಗೆದಳು, ಇವಳು ಕಟ್ಟಿದಳು. ಕಾಶವ್ವ ನಕ್ಕರೆ ಓಣಿಗೆಲ್ಲ ಕೇಳಿಸುತ್ತಿತ್ತು. ನಮ್ಮ ಮನೆಯಲ್ಲಿ ಸೀರೆಯನ್ನು ಸೆರಗಿನಿಂದಲೇ ನೇಯಲು ಶುರು ಮಾಡುತ್ತಾರೆ. ಹಾಗಾಗಿ ನನ್ನ ಮದುವೆಯ ಸೀರೆಯ ಸೆರಗಿನ ತುದಿಯ ಒಂದು ಗೇಣು ಪೂರ್ತಿ ಸೊಟ್ಟ, ತುಂಬ ಗಂಟು. ಅದನ್ನು ಬಿಚ್ಚಿ ಸರಿಯಾಗಿ ನೇಯೋಣವೆಂದ ಅಪ್ಪನಿಗೆ ಇಬ್ಬರೂ ಒಂದೇ ದನಿಯಲ್ಲಿ ಬೈದರು. ಮದುವೆಯ ದಿನ ಆ ಒಂದು ಗೇಣು ಎಲ್ಲರಿಗೂ ಕಾಣುವಂತೆ ಸೆರಗನ್ನು ಹೆಗಲ ಮೇಲಿಂದ ಮುಂದಕ್ಕೆ ಇಳಿಬಿಟ್ಟುಕೊಂಡು, ಮೊದಲು ದೊಡ್ಡಾಯಿಯ ಕಾಲಿಗೆ, ಆಮೇಲೆ ಸಣ್ಣಾಯಿಯ ಕಾಲಿಗೆ ಬಿದ್ದೆ.